ಹೊಟ್ಟೆ ಬಿಟ್ಟ ವೈರು

ಸಮುದ್ರ ಇರುವುದು ಆ ಬೀದಿಯಿಂದ ಮೂರು ಬೀದಿ ಆಚೆ. ಆದರೂ ಉಪ್ಪುಗಾಳಿಗೆ ಯಾರ ಮನೆಯ ಮುಲಾಜೂ ಇಲ್ಲ. ಗೇಟಿನ ಬಿಜಾಗರಿ, ಸೈಕಲ್ಲಿನ ಚೈನು, ಗಡಿಯಾರ ತೂಗುಹಾಕಿದ ಮೊಳೆ, ಎಲ್ಲವನ್ನೂ ಅದು ಅವಸರವಿಲ್ಲದೆ ತಿಂದು ತೇಗುತ್ತದೆ. ಅಲ್ಲಿಯ ಜನಕ್ಕೆ ಇದು ಅಭ್ಯಾಸವಾಗಿಬಿಟ್ಟಿದೆ. ಹೊಸ ಬೀಗ ತಂದರೆ ಎಷ್ಟು ದಿನಕ್ಕೆ ತಂದೆ ಎಂದು ಕೇಳುತ್ತಾರೆ. ಇಂಥ ಬೀದಿಯ ಕೊನೆಯ ಮನೆಯಲ್ಲಿ ಇಪ್ಪತ್ತಾರು ವರ್ಷದ ಒಂದು ಟೇಬಲ್ ಫ್ಯಾನು ಇವತ್ತಿಗೂ ಸದ್ದಿಲ್ಲದೆ ತಿರುಗುತ್ತದೆ, ಅದರ ಒಂದು ತಿರುಪಿಗೂ ತುಕ್ಕಿಲ್ಲ. ಅದು ವೈರಕ್ಕನ ಮನೆ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಈಗ ಸರ್ಕಾರಿ ಕಾಗದಗಳಲ್ಲಿ ಮಾತ್ರ ಉಳಿದಿದೆ. ಅವಳ ಅಪ್ಪ ಮೀನಿನ ಬೋಟುಗಳಿಗೆ ವೈರಿಂಗ್ ಮಾಡುತ್ತಿದ್ದ. ಆಸಾಮಿಯದು ದಪ್ಪ ಕೈ, ಇಂಜಿನ್ನಿನ ಹಿಂದಿನ ಸಂದಿಗೆ ತೂರುತ್ತಿರಲಿಲ್ಲ. ಹನ್ನೊಂದು ವರ್ಷದ ಮಗಳ ಕೈ ತೂರುತ್ತಿತ್ತು. ಹಾಗೆ ಶುರುವಾದದ್ದು ಕತೆ. ರಜಾ ದಿನ ಬೇರೆ ಹುಡುಗಿಯರು ಕುಂಟೆಬಿಲ್ಲೆ ಆಡುತ್ತಿದ್ದರೆ ಇವಳು ಡೀಸೆಲ್ ವಾಸನೆಯ ಕತ್ತಲಲ್ಲಿ ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ನಟ್ಟು ಬಿಗಿಯುತ್ತಿದ್ದಳು. ಅಪ್ಪ ಕಲಿಸಿದ ಮೊದಲ ಪಾಠ ಒಂದೇ.

"ವೈರು ಡಬ್ಬಿಗೆ ನೇರ ಹೋಗ್ಬಾರ್ದು ಕಣೇ. ಮೊದ್ಲು ಒಂದು ಗೇಣು ಕೆಳಗೆ ಇಳೀಬೇಕು, ಆಮೇಲೆ ಹತ್ಬೇಕು. ಅದಕ್ಕೆ ಹೊಟ್ಟೆ ಬಿಡೋದು ಅಂತಾರೆ. ನೀರು ವೈರು ಹಿಡ್ಕೊಂಡು ಬಂದ್ರೂ ಹೊಟ್ಟೆ ಹತ್ರ ತೊಟ್ಟಿಕ್ಕಿ ಬಿದ್ದುಹೋಗತ್ತೆ, ಡಬ್ಬಿ ಒಳಗೆ ಬರಲ್ಲ."

ಈ ಪಾಠ ಅವಳಿಗೆ ರಕ್ತಗತವಾಯಿತು. ಶಾಲೆಯ ಪಾಠದ ವಿಷಯ ಕೇಳಬೇಡಿ. ಐದನೇ ತರಗತಿಯಲ್ಲಿ ಶಾಲೆಯ ಕರೆಗಂಟೆ ಬಿಚ್ಚಿ, ಒಳಗೇನಿದೆ ಎಂದು ನೋಡಿ, ಮತ್ತೆ ಜೋಡಿಸುವ ಮೊದಲೇ ಸಿಕ್ಕಿಬಿದ್ದಳು. ಆಗಿನ ಅವಳ ಟೀಚರು ಪ್ರಗತಿ ಪತ್ರದಲ್ಲಿ ಕೆಂಪು ಶಾಯಿಯಲ್ಲಿ ಬರೆದರು: 'ಈ ಹುಡುಗಿಯ ಕೈ ಒಂದು ಕ್ಷಣವೂ ಸುಮ್ಮನಿರುವುದಿಲ್ಲ.' ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದ್ದಾರೆ ಎಂದು ಕೇಳಿದಾಗ ಮಗಳು ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದಳು. ಅಪ್ಪ ಅದನ್ನು ಹೊಗಳಿಕೆ ಎಂದೇ ತಿಳಿದು ಎರಡು ದಿನ ಬೀಗಿದ.

ಹದಿನೆಂಟು ತುಂಬಿದ ಮೇಲೆ ಮೂವತ್ತು ವರ್ಷ ಅವಳು ಬೋಟುಗಳ ಹೊಟ್ಟೆಯೊಳಗೇ ದುಡಿದಳು. ಮದುವೆಯಾದದ್ದು ಒಬ್ಬ ಟೈಲರನ್ನು. ಇದ್ದರೆ ಇರಬೇಕು ಇಂಥ ಜೋಡಿ. ಇವಳ ಉಗುರಿನಲ್ಲಿ ಸದಾ ಗ್ರೀಸು, ಅವನದು ಹಾಲಿನಲ್ಲಿ ತೊಳೆದ ಕೈ. ಅವನಿಗೆ ಸೊಟ್ಟ ಕಂಡರೆ ಮೈಯೆಲ್ಲ ಉರಿ. ಹೊಲಿಗೆ ಒಂದು ಕೂದಲೆಳೆ ಆಚೀಚೆಯಾದರೂ ಬಿಚ್ಚಿ ಮತ್ತೆ ಹಾಕುವವನು, ಹಾಸಿಗೆಯ ಹೊದಿಕೆಯನ್ನೂ ಅಂಚಿಗೆ ಅಂಚು ಕೂಡಿಸಿಯೇ ಮಡಚುವವನು. ಮಾತು ಮಾತ್ರ ಬಲು ಕಡಿಮೆ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಗಿರಾಕಿಗಳು 'ವೈರಕ್ಕನ ಗಂಡ' ಎಂದು ಕೀಟಲೆ ಮಾಡಿದರೆ ತಲೆ ತಗ್ಗಿಸಿ ಹೊಲಿಗೆ ಓಡಿಸುತ್ತಿದ್ದ. ಅದು ನಾಚಿಕೆಯೋ ಬೇಸರವೋ ವೈರಕ್ಕನಿಗೆ ಗೊತ್ತಾಗಿರಲಿಲ್ಲ. ಅವಳನ್ನು ಒಳಗೊಳಗೇ ಚುಚ್ಚುತ್ತಿದ್ದುದು ನಿಜ. ಇಷ್ಟು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಅವನು ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಒಂದು ಮಾತೂ ಆಡಿರಲಿಲ್ಲ.

ನಲವತ್ತೆಂಟನೇ ವಯಸ್ಸಿಗೆ ಅವಳ ತಲೆಗೆ ಸೋಲಾರ್ ಹೊಕ್ಕಿತು. ಒಂದು ಬೋಟಿನ ಕ್ಯಾಬಿನ್ ಮೇಲೆ ಹಾಕಿದ್ದ ಪುಟ್ಟ ಪ್ಯಾನೆಲ್ ಕೆಟ್ಟಿತ್ತು, ರಿಪೇರಿಗೆ ಬಂತು, ರಿಪೇರಿಯೂ ಆಯಿತು. ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಪಕ್ಕದ ಊರಿಗೆ ಹೋಗಿ ಒಂದು ತಿಂಗಳು ತರಬೇತಿಗೆ ಸೇರಿದಳು. ತರಗತಿಯಲ್ಲಿ ಅವಳೊಬ್ಬಳೇ ಹೆಂಗಸು, ಅದೂ ಪಾಠ ಹೇಳುವವನಿಗಿಂತ ಹತ್ತು ವರ್ಷ ದೊಡ್ಡವಳು. ಸರ್ಟಿಫಿಕೇಟು ಹಿಡಿದು ಬಂದ ಮೇಲೆ ಮೂರು ತಿಂಗಳು ಯಾರೂ ಕರೆಯಲಿಲ್ಲ. ಬೋಟು ರಿಪೇರಿಯವಳಿಗೆ ಮನೆಯ ಮಾಡು ಕೊಡಲು ಯಾರಿಗೂ ಧೈರ್ಯವಿರಲಿಲ್ಲ.

ಕೊನೆಗೆ ಕರೆದವರು ಬೇರೆ ಯಾರೂ ಅಲ್ಲ, ಕೆಂಪು ಶಾಯಿಯ ಅದೇ ಟೀಚರು. ಊರಿಗೆಲ್ಲ ಈಗ ಅವರು ದೊಡ್ಡ ಟೀಚರ್. ವಯಸ್ಸು ಎಂಬತ್ತರ ಹತ್ತಿರ, ಶ್ವಾಸಕೋಶ ಸೋತಿತ್ತು. ಹಗಲೂ ರಾತ್ರಿ ಮೂಗಿಗೆ ಸಣ್ಣ ಕೊಳವೆ, ಪಕ್ಕದಲ್ಲಿ ಗುಂಯ್ ಎನ್ನುವ ಆಮ್ಲಜನಕದ ಯಂತ್ರ. ಅದು ಓಡಲು ಕರೆಂಟು ಬೇಕು. ಹಿಂದಿನ ವರ್ಷದ ಬಿರುಗಾಳಿಗೆ ಕರೆಂಟು ಮೂರು ದಿನ ಹೋಗಿತ್ತು. ಆಗ ಅವರನ್ನು ತರಕಾರಿ ಗಾಡಿಯಲ್ಲಿ ಮಲಗಿಸಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಆಸ್ಪತ್ರೆಗೆ ಸಾಗಿಸಿದ್ದರು. ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತ್ತು. ಒಂದು ಕಾಲಕ್ಕೆ ಆ ಬೀದಿಯ ಮಕ್ಕಳನ್ನೆಲ್ಲ ಕಣ್ಣಲ್ಲೇ ಗದರಿಸಿದ್ದ ಹೆಂಗಸಿಗೆ ಆ ಮೆರವಣಿಗೆ ಮರೆಯಲಾಗಲಿಲ್ಲ.

"ಇನ್ನೊಂದ್ಸಲ... ಹಾಗೆ ಹೋಗಲ್ಲ ನಾನು," ಎಂದರು ದೊಡ್ಡ ಟೀಚರು, ನಡುನಡುವೆ ಉಸಿರೆಳೆದುಕೊಳ್ಳುತ್ತ. "ಗಾಳಿ ಬರ್ಲಿ, ಮಳೆ ಬರ್ಲಿ. ನನ್ನ ಮಂಚ ನಂಗಿರ್ಬೇಕು. ಆಗತ್ತಾ ನಿನ್ನ ಕೈಲಿ?"

"ಆಗತ್ತೆ ಟೀಚರ್," ಎಂದಳು ವೈರಕ್ಕ. ಕೊಟ್ಟ ಮಾತು ಒಂದು ಜೀವದ ಉಸಿರಿನ ಮೇಲೆ ನಿಂತಿತ್ತು.

ಆ ಮನೆಯಲ್ಲಿ ಇದ್ದವರು ಮೂವರು. ಮಗ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ, ಗಾಳಿ ಎದ್ದರೆ ಅಲ್ಲೇ ಉಳಿಯಬೇಕಾದವನು. ಹಾಗಾಗಿ ಟೀಚರನ್ನೂ ಮನೆಯನ್ನೂ ನೋಡಿಕೊಳ್ಳುತ್ತಿದ್ದವಳು ಸೊಸೆ. ಅವಳ ಜೊತೆ ವೈರಕ್ಕನ ಮೊದಲ ಜಟಾಪಟಿ ಬ್ಯಾಟರಿ, ಇನ್ವರ್ಟರ್ ಎಲ್ಲಿಡಬೇಕು ಎನ್ನುವುದಕ್ಕೆ ನಡೆಯಿತು. ಸಮುದ್ರದ ಕಡೆಯ ವರಾಂಡದಲ್ಲಿಡಿ, ಗಾಳಿ ಚೆನ್ನಾಗಿ ಆಡುತ್ತದೆ ಎಂದಳು ಸೊಸೆ.

"ಆ ಗಾಳೀನೇ ಬೇಡ ಅಂತ ನಾನು ಹೇಳ್ತಿರೋದು. ಇನ್ವರ್ಟರ್ ಒಳಗೆ ಸಣ್ಣ ಫ್ಯಾನಿದೆ. ವರಾಂಡದಲ್ಲಿಟ್ರೆ ಅದು ದಿನವಿಡೀ ಉಪ್ಪನ್ನ ಒಳಗೆಳ್ಕೊಳ್ಳತ್ತೆ. ಮೆಟ್ಟಿಲ ಕೆಳಗೆ ಜಾಗ ಇದೆಯಲ್ಲ?"

"ಅಲ್ಲಿ ನನ್ನ ಅಕ್ಕಿ ಡ್ರಮ್ ಇದೆ ಅಕ್ಕಾ."

"ಅಕ್ಕಿ ಡ್ರಮ್ಮು ವರಾಂಡಕ್ಕೆ ಹೋಗ್ಲಿ. ಅಕ್ಕಿಗೆ ಉಪ್ಪುಗಾಳಿ ತಾಗಿದ್ರೆ ಅನ್ನಕ್ಕೆ ಉಪ್ಪು ಹಾಕೋ ಕೆಲಸ ಉಳೀತು."

ಮಂಚದ ಮೇಲಿಂದ ದೊಡ್ಡ ಟೀಚರು ನಕ್ಕರು. ನಕ್ಕು ಕೆಮ್ಮು ಬಂತು. ಸೊಸೆ ಮುಖ ಊದಿಸಿಕೊಂಡೇ ಡ್ರಮ್ ಉರುಳಿಸಿದಳು.

ಮಾಡಿನ ಮೇಲೆ ಎಂಟು ಪ್ಯಾನೆಲ್ಲು. ಗಾಳಿ ಅಡಿಗೆ ನುಗ್ಗಿ ಎತ್ತಿ ಒಗೆಯದ ಹಾಗೆ ಅವಳು ಅವುಗಳನ್ನು ತಗ್ಗಿಸಿ ಕೂರಿಸಿದಳು. ಒಂದೊಂದು ಬೋಲ್ಟನ್ನೂ ಬೆರಳಲ್ಲಿ ಗ್ರೀಸು ಸವರಿ ತಿರುಗಿಸಿದಳು. ಪ್ಯಾನೆಲ್ಲಿನ ವೈರುಗಳೆಲ್ಲ ಬಂದು ಸೇರುವ ಡಬ್ಬಿಯನ್ನು, ಮಾಡಿಗೆ ತೆರೆಯುವ ಮೆಟ್ಟಿಲ ಕೋಣೆಯ ಹೊರಗೋಡೆಗೆ ಹೊಡೆದಳು, ಒಂದೊಂದು ವೈರಿಗೂ ಗೇಣುದ್ದ ಹೊಟ್ಟೆ ಬಿಟ್ಟಳು. ಮನೆಯೊಳಗೆ ಬ್ಯಾಟರಿಯ ಮೇಲೆ ಓಡುವ ಸ್ವಿಚ್ಚುಗಳಿಗೆ ಮಾತ್ರ ಕೆಂಪು ಬೊಟ್ಟು ಇಟ್ಟಳು: ಟೀಚರ ಯಂತ್ರ, ಎರಡು ದೀಪ, ಒಂದು ಫ್ಯಾನು. ಮಿಕ್ಸಿಗೆ ಬೊಟ್ಟಿಲ್ಲ ಎಂದು ಸೊಸೆಗೆ ಇನ್ನೊಂದು ಸಲ ಮುಖ ಊದಿತು.

ಕೆಳಗೆ ಬೀದಿಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ನೋಡಿದವರು ಬಾಯಿ ಮುಚ್ಚಿಕೊಂಡು ಹೋಗುತ್ತಾರೆಯೇ? ಒಬ್ಬ ನೇರ ಟೈಲರ್ ಅಂಗಡಿಗೇ ಹೋಗಿ ಹೇಳಿದ:

"ಏನಪ್ಪಾ, ನಿನ್ನ ಹೆಂಡ್ತಿ ಹಾಕಿರೋ ವೈರು ಲಾಡಿ ಕಳ್ಕೊಂಡ ಪೈಜಾಮದ ಹಾಗೆ ಜೋಲಾಡ್ತಿದೆ. ನೀನಾದ್ರೂ ಸ್ವಲ್ಪ ಹೊಲಿಗೆ ಹಾಕ್ಬಾರ್ದಾ?"

ಟೈಲರ್ ತಲೆ ತಗ್ಗಿಸಿ ಹೊಲಿಗೆ ಓಡಿಸಿದ. ಆದರೆ ಕೆಲಸದ ಕೊನೆಯ ದಿನ ಅಂಗಡಿ ಮುಚ್ಚಿ, ಸಾಮಾನು ಇಳಿಸಲು ಕೈಜೋಡಿಸುತ್ತೇನೆ ಎಂದು ತಾನಾಗಿಯೇ ಬಂದ. ವೈರಕ್ಕನಿಗೆ ಆಶ್ಚರ್ಯವೂ ಆಯಿತು, ಒಳಗೊಳಗೇ ಖುಷಿಯೂ ಆಯಿತು. ಅವಳು ಕೆಳಗೆ ಬ್ಯಾಟರಿ ಜೋಡಿಸುತ್ತಿದ್ದಾಗ ಅವನು ಮೇಲೆ ಅರ್ಧ ಗಂಟೆ ಒಬ್ಬನೇ ಇದ್ದ. ಸುತ್ತಿಗೆ, ಸ್ಪಾನರು, ಉಳಿದ ಬೋಲ್ಟು ಎಲ್ಲವನ್ನೂ ಅಳತೆವಾರು ಜೋಡಿಸಿ ಚೀಲದಲ್ಲಿ ತುಂಬಿಕೊಂಡು ಇಳಿದ. ಅವಳು ಸ್ವಿಚ್ ಹಾಕಿದಳು, ಯಂತ್ರ ಗುಂಯ್ ಎಂದಿತು. ಆ ಸಂಭ್ರಮದಲ್ಲಿ ಮತ್ತೊಮ್ಮೆ ಮೇಲೆ ಹತ್ತಿ ನೋಡಲಿಲ್ಲ. ಮೂವತ್ತು ವರ್ಷದಲ್ಲಿ ಯಾವ ಬೋಟಿನಿಂದಲೂ ಅವಳು ಕೊನೆಯದಾಗಿ ಒಂದು ಸುತ್ತು ನೋಡದೆ ಇಳಿದವಳಲ್ಲ.

ಎರಡು ತಿಂಗಳ ಮೇಲೆ ಗಾಳಿ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಇಡೀ ಊರಿನ ಕರೆಂಟು ಹೋಯಿತು. ವೈರಕ್ಕ ಫೋನ್ ಮಾಡಿದಳು.

"ಓಡ್ತಿದೆ ಅಕ್ಕಾ," ಎಂದಳು ಸೊಸೆ. "ಕರೆಂಟು ಹೋಗಿದ್ದೇ ಅತ್ತೆಗೆ ಗೊತ್ತಾಗಿಲ್ಲ. ಪಕ್ಕದ ಮನೆಯವರು ಕಿಟಕೀಲಿ ಇಣುಕಿ ನೋಡ್ಕೊಂಡು ಹೋದ್ರು."

ವೈರಕ್ಕ ಆ ದಿನ ಹೆಜ್ಜೆ ನೆಲಕ್ಕೆ ತಾಗದ ಹಾಗೆ ಓಡಾಡಿದಳು.

ಮರುದಿನ ಹತ್ತು ಗಂಟೆಗೆ ಸೊಸೆಯದೇ ಫೋನ್ ಬಂತು. ಅವಳ ದನಿ ಬೇರೆಯಾಗಿತ್ತು.

"ಅಕ್ಕಾ, ಬ್ಯಾಟರಿ ಪೆಟ್ಟಿಗೆ ಮೇಲೆ ನಂಬರ್ ಕಾಣತ್ತಲ್ಲ, ಬೆಳಿಗ್ಗೆ ಮೂವತ್ತೈದಿತ್ತು. ಈಗ ಇಪ್ಪತ್ತೆಂಟು. ಬೆಳಕಾದ್ಮೇಲೆ ಏರ್ಬೇಕು ಅಂದಿದ್ರಿ. ಇಳೀತಿದೆ."

"ಕೆಂಪು ದೀಪ ಉರೀತಿದೆಯಾ?"

"ಉರೀತಿದೆ."

ಪ್ಯಾನೆಲ್ಲಿನ ಕಡೆಯಿಂದ ಏನೂ ಬರುತ್ತಿಲ್ಲ ಎಂದು ಅದರ ಅರ್ಥ. ಎಲ್ಲೋ ನೀರು ತಾಗಿದೆ ಎಂದು ಇನ್ವರ್ಟರ್ ತಾನಾಗಿಯೇ ಆ ಕಡೆಯ ದಾರಿ ಮುಚ್ಚಿದೆ. ಬ್ಯಾಟರಿಯಲ್ಲಿ ಉಳಿದದ್ದು ಹೆಚ್ಚೆಂದರೆ ಸಂಜೆಯವರೆಗೆ. ತುರ್ತಿಗೆಂದು ಇಟ್ಟ ಪುಟ್ಟ ಸಿಲಿಂಡರ್ ಎರಡು ಗಂಟೆ. ಆಸ್ಪತ್ರೆಯ ದಾರಿಗೆ ಎರಡು ಮರ ಅಡ್ಡ ಬಿದ್ದಿದ್ದವು. ಈ ಸಲ ತರಕಾರಿ ಗಾಡಿಯೂ ಹೋಗುವ ಹಾಗಿರಲಿಲ್ಲ.

ಅವಳು ಬೋಟಿಗೆ ಹೋಗುವಾಗಿನ ಹಳೆಯ ರೇನ್‌ಕೋಟು ತೊಟ್ಟು ಹೊರಟಳು. ಮೂರು ಮನೆ ದಾಟುವಷ್ಟರಲ್ಲಿ ಗಾಳಿ ಎರಡು ಸಲ ಅವಳನ್ನು ಗೋಡೆಗೆ ಒತ್ತಿ ನಿಲ್ಲಿಸಿತು. ಟೀಚರ ಮನೆ ಸೇರಿ, ಮೆಟ್ಟಿಲ ಕೋಣೆಯಲ್ಲಿ ಗಾಳಿ ಸ್ವಲ್ಪ ತಗ್ಗುವ ತನಕ ಕಾದಳು. ಪ್ಯಾನೆಲ್ಲಿನ ಕಡೆಯ ಸ್ವಿಚ್ ಬಂದ್ ಮಾಡಿ, ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕಂಬಿಗೆ ಕಟ್ಟಿ ಹೊರಗೆ ಕಾಲಿಟ್ಟಳು.

ಪ್ಯಾನೆಲ್ಲುಗಳು ಕದಲಿರಲಿಲ್ಲ. ಎಂಟಕ್ಕೆ ಎಂಟೂ ಕೂತಲ್ಲೇ ಕೂತಿದ್ದವು. ಆಮೇಲೆ ಅವಳ ಕಣ್ಣು ಡಬ್ಬಿಯ ಕಡೆ ಹೋಯಿತು.

ವೈರುಗಳಿಗೆ ಹೊಟ್ಟೆಯೇ ಇರಲಿಲ್ಲ. ಅವೆಲ್ಲ ಬಿಗಿಯಾಗಿ, ಒಂದರ ಪಕ್ಕ ಒಂದು, ರೂಲರ್ ಇಟ್ಟು ಎಳೆದ ಗೆರೆಗಳಾಗಿ ಡಬ್ಬಿಗೆ ಇಳಿದಿದ್ದವು. ಮಳೆನೀರು ಆ ದಾರಿ ಹಿಡಿದು ನೇರವಾಗಿ ಒಳಗೆ ಹೋಗುತ್ತಿತ್ತು. ಉಳಿದ ಉದ್ದವನ್ನು ಹಿಂದೆ ಮಡಚಿ, ಮೇಣ ಸವರಿದ ಬಿಳಿ ದಾರದಿಂದ ಕಟ್ಟಲಾಗಿತ್ತು. ಮೂರು ಸುತ್ತು, ನಡುವೆ ಒಂದು ತೂರು, ಮೇಲೊಂದು ಚಿಕ್ಕ ಗಂಟು. ಕೋಟಿನ ಗುಂಡಿ ಹೊಲಿದು ಮುಗಿಸುವ ಗಂಟು. ಇಪ್ಪತ್ತಾರು ವರ್ಷದಿಂದ ತನ್ನ ರವಿಕೆಗಳ ಮೇಲೆ ನೋಡುತ್ತ ಬಂದ ಗಂಟು ಅವಳಿಗೆ ತಿಳಿಯದೇ?

ಮೊದಲು ಅವಳಿಗೆ ಬಂದದ್ದು ಸಿಟ್ಟು, ಕಣ್ಣು ಕತ್ತಲೆಯಾಗುವಷ್ಟು ಸಿಟ್ಟು. ಹಲ್ಲು ಕಚ್ಚಿಕೊಂಡೇ ದಾರ ಕತ್ತರಿಸಿ ಜೇಬಿಗೆ ತುರುಕಿದಳು. ಡಬ್ಬಿ ಬಿಚ್ಚಿ, ನೆನೆದ ಭಾಗಗಳನ್ನೆಲ್ಲ ಕಳಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಖಾಲಿ ಡಬ್ಬಿಗೆ ಟಾರ್ಪಾಲಿನ ತುಂಡು ಕಟ್ಟಿ ಕೆಳಗೆ ಬಂದಳು. ಗಂಡನಿಗೆ ಫೋನ್ ಮಾಡಿದಳು.

"ರೀ, ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ಕೊಂಡು ಟೀಚರ್ ಮನೆಗೆ ಬನ್ನಿ. ಹತ್ತಿ ಬಟ್ಟೆನೂ ತನ್ನಿ."

"ಏನಾಯ್ತು?"

"ಬನ್ನಿ ಅಂದೆನಲ್ಲ."

ಅವಳು ಬಿಚ್ಚಿ ತಂದದ್ದನ್ನೆಲ್ಲ ಬೋಗುಣಿಯಲ್ಲಿಟ್ಟು, ಸೊಸೆ ಕಾಸಿ ಆರಿಸಿಟ್ಟ ಕುಡಿಯುವ ನೀರು ಸುರಿದಳು. ಸೊಸೆ ಬೆಚ್ಚಿಬಿದ್ದಳು.

"ಒದ್ದೆ ಆಯ್ತು ಅಂತ ಬಿಚ್ಚಿದ್ರಿ, ಈಗ ನೀವೇ ನೀರು ಹಾಕ್ತಿದೀರಲ್ಲ ಅಕ್ಕಾ?"

"ಈ ಗಾಳೀಲಿ ಬಂದಿರೋದು ಉಪ್ಪುನೀರಮ್ಮ. ಹಾಗೇ ಒಣಗ್ಸಿದ್ರೆ ಉಪ್ಪು ಉಳ್ಕೊಳ್ಳತ್ತೆ, ಕರೆಂಟು ಅದ್ರ ಮೇಲೇ ಹಾದಿ ಮಾಡ್ಕೊಳ್ಳತ್ತೆ. ಸಿಹಿನೀರಲ್ಲಿ ತೊಳೆದು ಒಣಗಿಸ್ಬೇಕು. ಬೋಟಲ್ಲಿ ಹೀಗೇ ಮಾಡೋದು."

ಟೈಲರ್ ಬಂದ. ಒಂದು ಕೈಯಲ್ಲಿ ಮುರಿದ ಕೊಡೆ, ಇನ್ನೊಂದು ಕೈಯಲ್ಲಿ ಹೊಗೆಯಾಡುವ ಇಸ್ತ್ರಿ ಪೆಟ್ಟಿಗೆ. ತಾನು ಪೂರಾ ತೊಯ್ದಿದ್ದ, ಕೆಂಡಕ್ಕೆ ಒಂದು ಹನಿ ಬೀಳಲು ಬಿಟ್ಟಿರಲಿಲ್ಲ. ವೈರಕ್ಕ ಜೇಬಿನಿಂದ ಬಿಳಿ ದಾರದ ತುಂಡುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಅವನು ಅವನ್ನು ನೋಡಿದ, ಬೋಗುಣಿ ನೋಡಿದ, ಮಂಚದ ಮೇಲೆ ಉಸಿರಾಡುತ್ತಿದ್ದ ದೊಡ್ಡ ಟೀಚರನ್ನು ನೋಡಿದ.

"ಜನ ನಿನ್ನ ಕೆಲಸಕ್ಕೆ ಸೊಟ್ಟ ಅಂತಿದ್ರು," ಎಂದ ಮೆಲ್ಲಗೆ. "ನಂಗೆ ತಡ್ಕೊಳ್ಳಕ್ಕಾಗ್ಲಿಲ್ಲ. ನಿನ್ನ ಕೆಲಸ ಚೆಂದ ಕಾಣ್ಲಿ ಅಂತ ಕಟ್ದೆ."

ವೈರಕ್ಕನ ಬಾಯಲ್ಲಿ ಮಾತು ಸಾಲಾಗಿ ಸಿದ್ಧವಾಗಿ ನಿಂತಿತ್ತು. ಅವಳು ಬೋಗುಣಿಯ ನೀರು ಬಸಿದು ತುಂಡುಗಳನ್ನು ಅವನ ಮುಂದಿಟ್ಟಳು. ಇಷ್ಟು ವರ್ಷ ಈ ಮನುಷ್ಯನಿಗೆ ತನ್ನ ಕೆಲಸ ಕಣ್ಣಿಗೇ ಬಿದ್ದಿಲ್ಲ ಎಂದುಕೊಂಡಿದ್ದಳು. ಯಾರೋ ಆಡಿಕೊಂಡರೆ ಅವನಿಗೆ ಇಷ್ಟು ನೋಯುತ್ತದೆ ಎಂದು ಅವಳಿಗೇನು ಗೊತ್ತು?

"ಕೂತ್ಕೊಳ್ಳಿ," ಎಂದಳು. "ರೇಷ್ಮೆಗೆ ಇಸ್ತ್ರಿ ಹಾಕೋವಷ್ಟೇ ಬಿಸಿ ಇರ್ಬೇಕು. ಹೆಚ್ಚಾದ್ರೆ ಪ್ಲಾಸ್ಟಿಕ್ಕು ಕರಗತ್ತೆ."

ಅವನು ಕೂತ. ಒಂದೊಂದು ತುಂಡನ್ನೂ ಹತ್ತಿ ಬಟ್ಟೆಯ ಮೂರು ಪದರದಲ್ಲಿ ಸುತ್ತಿ, ಪೆಟ್ಟಿಗೆಯ ಬಿಸಿಯನ್ನು ಕೆನ್ನೆಯ ಹತ್ತಿರ ಹಿಡಿದು ಅಳೆದು, ಮೇಲಿಂದ ಮೇಲೆ ತಾಗಿಸಿ ಎತ್ತಿದ. ಬಟ್ಟೆ ಒದ್ದೆಯಾದ ಹಾಗೆ ಬದಲಿಸಿದ. ಒಂದು ಗಂಟೆ ತಲೆ ಎತ್ತಲಿಲ್ಲ. ಒಂದು ತುಂಡೂ ಕರಗಲಿಲ್ಲ, ಒಂದರಲ್ಲೂ ಪಸೆ ಉಳಿಯಲಿಲ್ಲ.

ದೊಡ್ಡ ಟೀಚರು ಮಂಚದಿಂದ ಕೇಳಿದರು. "ಏನಾಗಿತ್ತು? ಯಾರ ತಪ್ಪು?"

ಟೈಲರ್ ಬಾಯಿ ತೆರೆದ. ಅವನಿಗಿಂತ ಮೊದಲು ವೈರಕ್ಕ ಹೇಳಿದಳು:

"ನಂದೇ ಟೀಚರ್. ಕೆಲಸ ಮುಗಿದ್ಮೇಲೆ ಕೊನೇದಾಗಿ ಒಂದ್ಸಲ ಹತ್ತಿ ನೋಡ್ಬೇಕಿತ್ತು, ನೋಡ್ಲಿಲ್ಲ. ಸರಿ ಮಾಡ್ತೀನಿ."

ಎರಡು ಗಂಟೆಯ ಹೊತ್ತಿಗೆ ಅವಳು ಮತ್ತೆ ಹತ್ತಿದಳು. ಈ ಸಲ ಹಗ್ಗದ ತುದಿ ಕಂಬಿಗೂ ಬಿಗಿದಿತ್ತು, ಗಂಡನ ಎರಡೂ ಕೈಯಲ್ಲೂ ಇತ್ತು. ಡಬ್ಬಿಯ ಒಳಗೋಡೆ ಒರೆಸಿ, ಒಣಗಿದ್ದನ್ನು ಜೋಡಿಸಿ, ಒಂದೊಂದು ವೈರನ್ನೂ ಗೇಣು ಇಳಿಸಿ ಹೊಟ್ಟೆ ಬಿಟ್ಟಳು. ನೀರು ಹೊಟ್ಟೆಯ ತನಕ ಜಾರಿ ಬಂದು ಅಲ್ಲೇ ತೊಟ್ಟಿಕ್ಕತೊಡಗಿತು. ಬಾಗಿಲಲ್ಲಿ ಹಗ್ಗ ಹಿಡಿದು ನಿಂತ ಟೈಲರ್ ಆ ಹನಿಗಳನ್ನೇ ನೋಡುತ್ತಿದ್ದ.

ಸ್ವಿಚ್ ಹಾಕುವಾಗ ನಂಬರ್ ಹದಿನೇಳು ಇತ್ತು. ಕೆಂಪು ದೀಪ ಆರಿತು. ಮೋಡದ ಬೆಳಕು, ಸಿಕ್ಕಿದ್ದು ಅಷ್ಟಿಷ್ಟೇ. ಮೂರು ಗಂಟೆಗೂ ಹದಿನೇಳು. ನಾಲ್ಕಕ್ಕೆ ಮೋಡ ಒಂದಿಷ್ಟು ತೆಳುವಾಯಿತು, ನಂಬರ್ ಹತ್ತೊಂಬತ್ತಾಯಿತು. ಸೊಸೆ ಅಡಿಗೆಮನೆಯ ಗೋಡೆಗೆ ಹಣೆಯಿಟ್ಟು ಅತ್ತಳು. ಕತ್ತಲಾಗುವ ಹೊತ್ತಿಗೆ ಮೂವತ್ತರ ಮೇಲಿತ್ತು, ಬೆಳಗಿನ ತನಕ ಸಾಕಾಗುವಷ್ಟು. ಮರುದಿನ ಬಿಸಿಲೇ ಬಂತು. ಊರಿಗೆ ಕರೆಂಟು ಬಂದದ್ದು ನಾಲ್ಕನೇ ದಿನ. ಅಷ್ಟೂ ದಿನ ದೊಡ್ಡ ಟೀಚರ ಮಂಚ ಇದ್ದಲ್ಲೇ ಇತ್ತು, ದೊಡ್ಡ ಟೀಚರೂ ಅದರ ಮೇಲೇ ಇದ್ದರು.

ಐದನೇ ದಿನ ಅವರು ವೈರಕ್ಕನನ್ನು ಕರೆಸಿದರು. ಉದ್ದ ಕೊಳವೆ ಎಳೆದುಕೊಂಡು, ಸೊಸೆಯ ಕೈ ಹಿಡಿದು, ಬಾಗಿಲ ತನಕ ನಡೆದು ಬಂದು ನಿಂತಿದ್ದರು.

"ನಿನ್ನ ಕೈ ಸುಮ್ನಿರಲ್ಲ ಅಂತ... ಬರ್ದಿದ್ದೆ ಅಲ್ವಾ?"

"ಕೆಂಪು ಶಾಯೀಲಿ ಟೀಚರ್."

"ಬರ್ದಿದ್ದು ಸರಿ. ಶಾಯಿ ಮಾತ್ರ... ತಪ್ಪಾಯ್ತು."

ಐವತ್ತರ ಹತ್ತಿರದ ಹೆಂಗಸು ಐದನೇ ತರಗತಿಯವಳಾಗಿ ಕಾಲಿನ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತಳು.

ಈಗ ಆ ಬೀದಿಯಲ್ಲಿ ಹನ್ನೊಂದು ಮಾಡುಗಳ ಮೇಲೆ ವೈರಕ್ಕನ ಪ್ಯಾನೆಲ್ಲುಗಳಿವೆ. ಹನ್ನೊಂದರಲ್ಲೂ ವೈರುಗಳು ಹೊಟ್ಟೆ ಬಿಟ್ಟುಕೊಂಡು ಇಳಿದಿವೆ, ಆದರೆ ಒಂದು ವ್ಯತ್ಯಾಸವಿದೆ. ಟೈಲರ್ ಪ್ರತಿ ಕೆಲಸದ ಕೊನೆಯ ದಿನ ಕೊರಳಿಗೆ ಟೇಪು ಹಾಕಿಕೊಂಡು ಬರುತ್ತಾನೆ. ಒಂದೊಂದು ಹೊಟ್ಟೆಯನ್ನೂ ಅಳೆಯುತ್ತಾನೆ. ಒಂಬತ್ತು ಇಂಚೆಂದರೆ ಒಂಬತ್ತೇ ಇಂಚು, ಒಂದು ನೂಲೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಇಳಿದ ಮೇಲೆ ವೈರಕ್ಕ ಇನ್ನೊಮ್ಮೆ ಹತ್ತಿ ನೋಡುತ್ತಾಳೆ. ಇದಕ್ಕೆ ಅವನು ಬೇಸರ ಮಾಡಿಕೊಳ್ಳುವುದಿಲ್ಲ.

ಮೊನ್ನೆ ಅವಳು ಮಧ್ಯಾಹ್ನ ಮನೆಗೆ ಬರುವಾಗ ಅಂಗಡಿಯಲ್ಲಿ ಹೊಸ ಗಿರಾಕಿಯೊಬ್ಬ ಅಳತೆ ಕೊಡುತ್ತ ನಿಂತಿದ್ದ. ಕಿಟಕಿಯಿಂದ ಎದುರು ಮಾಡು ನೋಡಿ, ಆ ವೈರು ಯಾಕೆ ಹಾಗೆ ಜೋತುಬಿದ್ದಿದೆ ಎಂದು ಕೇಳಿದ. ವೈರಕ್ಕ ಹೊಸ್ತಿಲ ಆಚೆಯೇ ನಿಂತಳು.

"ಜೋತುಬಿದ್ದಿಲ್ಲ. ಬಿಟ್ಟಿರೋದು," ಎಂದ ಮಾತಾಡದ ಆ ಮನುಷ್ಯ. ಟೇಪು ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ, ಬೆರಳು ಮಾಡಿ ತೋರಿಸಿದ. "ಮಳೆ ಬಂದಾಗ ಬಂದು ನೋಡಿ, ನೀರು ಅಲ್ಲೀ ತನಕ ಬಂದು ಬಿದ್ದುಹೋಗತ್ತೆ. ಈ ಸಾಲಲ್ಲಿ ಯಾವ ಮಾಡ್ ಮೇಲೆ ಹಾಗೆ ಕಂಡ್ರೂ ಅದು ನನ್ನ ಹೆಂಡ್ತಿ ಕೆಲಸ. ನಾನು ವೈರಕ್ಕನ ಗಂಡ."

ಗ್ರೀಸು ಮೆತ್ತಿದ ಕೈಯಲ್ಲೇ ವೈರಕ್ಕ ಕಣ್ಣೊರೆಸಿಕೊಂಡಳು. ಕೂಡಲೇ ಒಳಗೆ ಹೋಗಲಿಲ್ಲ. ಗಿರಾಕಿ ಇನ್ನೂ ಏನಾದರೂ ಕೇಳಬಹುದು ಎಂದು ಗೋಡೆಗೆ ಒರಗಿ ಅಲ್ಲೇ ನಿಂತುಕೊಂಡಳು.